ಶುಂಠಿ ಒಣಗುವ ತನಕ

ನಮ್ಮ ಅತ್ತೆಯ ಮನೆಯಲ್ಲಿ ಯಾರಿಗೂ ತಲೆನೋವು ಬರುವುದಿಲ್ಲ. ಬಂದರೂ ಯಾರೂ ಹೇಳುವುದಿಲ್ಲ. ಈ ಎರಡು ಮಾತಿಗೂ ಇರುವ ವ್ಯತ್ಯಾಸ ತಿಳಿಯಬೇಕೆಂದರೆ ನೀವು ಒಮ್ಮೆ ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು, ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಹಣೆ ಒತ್ತಿಕೊಳ್ಳಬೇಕು. ಜೋರಾಗಿ ಒತ್ತಿಕೊಳ್ಳಬೇಕೆಂದೇನಿಲ್ಲ. ಎರಡು ಬೆರಳು ಹಣೆಗೆ ತಾಗಿದರೆ ಸಾಕು, ಒಳಗೆ ಸಾಣೆಕಲ್ಲಿನ ಮೇಲೆ ಒಣಶುಂಠಿ ತೇಯುವ ಸದ್ದು ಶುರುವಾಗಿರುತ್ತದೆ. ಗೋಡೆಯಾಚೆ ಇದ್ದವಳಿಗೆ ಅದು ಹೇಗೆ ಗೊತ್ತಾಯಿತು ಎಂದು ನನ್ನನ್ನು ಕೇಳಬೇಡಿ. ಐವತ್ತು ವರ್ಷ ಸಂಸಾರ ಮಾಡಿದ ಮಾವನಿಗೇ ಗೊತ್ತಿಲ್ಲ.

ಈಕೆ ನನ್ನ ತಂದೆಯ ಅಕ್ಕ. ಮಾವ ಕುರಿ ಸಾಕಿದವನು, ಮಿತಭಾಷಿ. ತಲೆನೋವು ಬಂದ ದಿನ ಅವನು ಮನೆಗೇ ಬರುತ್ತಿರಲಿಲ್ಲ. 'ಇವತ್ತು ಹೊಲದಾಗ ಉಳಿತೀನಿ, ಕುರಿ ನೋಡ್ಕೋಬೇಕು' ಎಂದು ಹೇಳಿ ಕಳಿಸುತ್ತಿದ್ದ. ಕುರಿಗಳು ಹಣೆಗೆ ಏನನ್ನೂ ಹಚ್ಚುವುದಿಲ್ಲವಲ್ಲ! ಆದರೆ ಮಧ್ಯಾಹ್ನ ಬುತ್ತಿಯ ಗಂಟು ಬಿಚ್ಚಿದರೆ ರೊಟ್ಟಿಯ ಮೇಲೆ ಹರಳೆಣ್ಣೆಯ ಶೀಸೆ ಇರುತ್ತಿತ್ತು. ಬುತ್ತಿ ತಂದವನ ಬಾಯಲ್ಲಿ ಸಂದೇಶ ಬೇರೆ: "ನೆತ್ತಿಗೆ ತಿಕ್ಕೋಬೇಕಂತ. ತಿಕ್ಕೊಂಡಿದ್ದು ನೋಡೇ ಬರಬೇಕಂತ ನನಗ ಹೇಳ್ಯಾಳ."

ಅತ್ತೆಯ ವೈದ್ಯಕ್ಕೆ ಒಂದು ಕ್ರಮವಿದೆ. ಮೊದಲು ವಿಚಾರಣೆ. ಮೂರೇ ಪ್ರಶ್ನೆ. "ಎಲ್ಲಿ ಹಿಡಿದೈತಿ? ಯಾವಾಗ ಹಿಡೀತು? ಯಾರ ಮುಂದ ಹಿಡೀತು?" ಮೊದಲ ಎರಡನ್ನು ಯಾವ ಡಾಕ್ಟರೂ ಕೇಳುತ್ತಾರೆ. ಮೂರನೆಯದು ಅತ್ತೆಯ ಸ್ವಂತ ಸಂಶೋಧನೆ. ಬಿಸಿಲಿನ ತಲೆನೋವು ಬೇರೆ, ಹಸಿವಿನದು ಬೇರೆ, ಚಹಾ ತಪ್ಪಿ ಬಂದದ್ದು ಬೇರೆ, ಬೀಗರ ಮುಂದೆ ಬಂದದ್ದು ತೀರಾ ಬೇರೆ. ಇದಕ್ಕೆ ಮಾತ್ರ ತನ್ನಲ್ಲಿ ಮದ್ದಿಲ್ಲ ಎಂದು ಅವಳೇ ಒಪ್ಪಿಕೊಂಡಿದ್ದಾಳೆ. "ಅವ್ರು ಬಸ್ ಹತ್ತಿದ ಕೂಡ್ಲೆ ತಾನಾ ಇಳಿತೈತಿ."

ವಿಚಾರಣೆ ಮುಗಿದ ಮೇಲೆ ತೊಡೆ. ಅಂದರೆ, ರೋಗಿ ಯಾರೇ ಇರಲಿ, ಚಾಪೆಯ ಮೇಲೆ ಮಲಗಿ ಅತ್ತೆಯ ತೊಡೆಯ ಮೇಲೆ ತಲೆಯಿಡಬೇಕು. ಆಗ ತೇದ ಶುಂಠಿಯನ್ನು ಹಣೆಗೆ ದಪ್ಪಗೆ ಮೆತ್ತುತ್ತಾಳೆ. ಅಲ್ಲಿಂದ ಮುಂದಿನದು ಕಟ್ಟಳೆ: ಶುಂಠಿ ಒಣಗುವ ತನಕ ರೋಗಿ ಮಾತಾಡುವಂತಿಲ್ಲ. ಮಾತಾಡಿದರೆ ಹಣೆ ಅಲ್ಲಾಡುತ್ತದೆ, ಅಲ್ಲಾಡಿದರೆ ಶುಂಠಿ ಬಿರಿಯುತ್ತದೆ, ಬಿರಿದರೆ ಎಲ್ಲವೂ ಮೊದಲಿನಿಂದ. ರೋಗಿ ಮಾತಾಡಬಾರದು ಅಷ್ಟೆ. ವೈದ್ಯರು ಮಾತಾಡಬಾರದೆಂದು ಯಾರೂ ಹೇಳಿಲ್ಲವಲ್ಲ! ಊರಿನಲ್ಲಿ ಅತ್ತೆಯ ಮಾತಿಗೆ ಎದುರಾಡಿದವರೇ ಇಲ್ಲ ಎನ್ನುತ್ತಾರೆ. ಎದುರಾಡಬೇಕಾದವರೆಲ್ಲ ಹಣೆಗೆ ಶುಂಠಿ ಹಚ್ಚಿಕೊಂಡು ಮಲಗಿದ್ದರೆ ಯಾರು ಎದುರಾಡಬೇಕು?

ನಾನು ಕೂಡ್ಲಿಗಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ತಲೆನೋವು ನನಗೆ ನೌಕರಿಯ ಆದೇಶದ ಜೊತೆಗೇ ಬಂತು. ಒಂದು ಏಪ್ರಿಲ್‌ನಲ್ಲಿ ಉತ್ತರಪತ್ರಿಕೆ ತಿದ್ದಿ ತಿದ್ದಿ, ಕಣ್ಣು ಬಿಡಲಾಗದೆ ಅತ್ತೆಯ ಮನೆಗೆ ಹೋದೆ. ಬುದ್ಧಿ ಇದ್ದವನು ಹೋಗುತ್ತಿರಲಿಲ್ಲ. ಶುಂಠಿಗೆ ನನ್ನ ತಲೆನೋವು ಜಗ್ಗಲಿಲ್ಲ. ಅತ್ತೆ ಎರಡನೇ ಹಂತಕ್ಕೆ ಹೋದಳು. ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಿನ ಪಾತ್ರೆಯನ್ನು ನನ್ನ ಮುಂದಿಟ್ಟು, ನನ್ನ ಮೇಲೆ ಮಾವನ ಕರಿಕಂಬಳಿ ಮುಚ್ಚಿದಳು. ಹೊರಗಿನ ಬಿಸಿಲಿಗೆ ನಾಯಿಗಳು ಕೂಡ ನೆರಳು ಬಿಟ್ಟು ಏಳುತ್ತಿರಲಿಲ್ಲ.

"ಜೋರಾಗಿ ಉಸಿರು ಎಳಕೋ ಲೇ."

"ಏನು ಎಳಕೊಳ್ಳಲಿ ಅತ್ತಿ, ಒಳಗ ಬರೇ ಕುರಿ ವಾಸನಿ ಐತಿ!"

"ಕುರಿ ಉಸಿರಾಡ್ತಾವೋ ಇಲ್ಲೋ? ನೀನೂ ಆಡು."

ಹತ್ತು ನಿಮಿಷದ ನಂತರ ಹೊರಬಂದಾಗ ತಲೆನೋವು ಇರಲಿಲ್ಲ. ಅದು ಎಲ್ಲಿ ಹೋಯಿತೋ ನೋಡಲು ನನಗೆ ಶಕ್ತಿಯೂ ಇರಲಿಲ್ಲ.

ಕೀರ್ತಿ ದೂರದವರೆಗೆ ಹಬ್ಬಿತ್ತು. ತೆಲಿಗಿಯಿಂದ ಒಬ್ಬ ಹೆಣ್ಣುಮಗಳು ಬಸ್ಸು ಬದಲಿಸಿ ಬದಲಿಸಿ ಬಂದಳು. ದಾರಿಯಲ್ಲಿ ಕಿಟಕಿ ಪಕ್ಕ ಕುಳಿತು ನಿದ್ದೆ ಮಾಡಿದ್ದರಿಂದ ತಲೆನೋವು ತಾನೇ ಹೋಗಿತ್ತು. ಪಾಪ, ಸತ್ಯವಂತೆ, ಅದನ್ನೇ ಹೇಳಿದಳು. ಅತ್ತೆ ಬಿಟ್ಟಾಳೆಯೇ? "ವಾಪಸ್ ಬಸ್ಸಿನ್ಯಾಗ ಮತ್ತ ಬರ್ತೈತವಾ. ಮುಂಗಡ ಹಚ್ಚಿರ್ತೀನಿ, ಬಾ ಮಲಕ್ಕೋ."

ನನ್ನ ತಂಗಿಯನ್ನು ನೋಡಲು ಹರಪನಹಳ್ಳಿ ಕಡೆಯವರು ಬಂದದ್ದೂ ಇದೇ ಮನೆಗೆ. ಹುಡುಗನ ತಂದೆ ಬಿಸಿಲಿನಲ್ಲಿ ಬಂದವರು, ಟವೆಲಿನಿಂದ ಹಣೆ ಒರೆಸಿಕೊಂಡರು. ಒರೆಸಿಕೊಂಡದ್ದು ಬೆವರು. ಅದನ್ನು ವಿವರಿಸಲು ಅವರಿಗೆ ಸಮಯವೇ ಸಿಗಲಿಲ್ಲ. ತಂದೆ, ಚಿಕ್ಕಪ್ಪ, ಹುಡುಗ, ಜೊತೆಗೆ ಬಂದ ಕಾರಿನ ಡ್ರೈವರ್, ನಾಲ್ವರೂ ಪಡಸಾಲೆಯಲ್ಲಿ ಸಾಲಾಗಿ ಶುಂಠಿ ಹಚ್ಚಿಸಿಕೊಂಡು ಮಲಗಿದರು. ಅವರ ತಲೆಗೆ ತೊಡೆ ಸಾಲದೆ ದಿಂಬು ತರಬೇಕಾಯಿತು. ಮದುವೆ ಎಲ್ಲಿ, ಯಾವಾಗ, ಆ ಕಡೆಯವರು ಎಷ್ಟು ಜನ ಬರಬೇಕು, ಹುಡುಗಿ ಮದುವೆಯಾದ ಮೇಲೂ ಓದು ಮುಗಿಸಬೇಕು, ಎಲ್ಲವನ್ನೂ ಅತ್ತೆ ಒಬ್ಬಳೇ ಹೇಳಿದಳು. ಯಾರೂ ಬೇಡವೆನ್ನಲಿಲ್ಲ. ಹುಡುಗನ ತಂದೆ ಇವತ್ತಿಗೂ ಬಂದವರ ಮುಂದೆ ಹೇಳುತ್ತಾರೆ: "ನಾವೇನು ಒಪ್ಪಿರ್ಲಿಲ್ಲರಿ. ಒಣಗ್ಲಿ ಅಂತ ಸುಮ್ಮನಿದ್ವಿ, ಅಷ್ಟೊತ್ತಿಗೆ ಮದುವಿ ಆಗೇಬಿಟ್ಟಿತ್ತು." ತಂಗಿ ಬಿ.ಎಡ್. ಮುಗಿಸಿದಳು, ಸುಖವಾಗಿದ್ದಾಳೆ.

ಇಂಥ ಅತ್ತೆಗೆ, ಮಗನ ಕೈಹಿಡಿದು ಸೊಸೆಯಾಗಿ ಬಂದವಳು ಒಬ್ಬ ನರ್ಸು!

ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಕೈಚೀಲದಲ್ಲಿ ಸದಾ ಗುಳಿಗೆಯ ಪಟ್ಟಿ, ಬಿ.ಪಿ. ನೋಡುವ ಯಂತ್ರ. ಇನ್ನೇನು ಕುರುಕ್ಷೇತ್ರ ಎಂದು ನಾವೆಲ್ಲ ಕಾದೆವು. ಏನೂ ಆಗಲಿಲ್ಲ. ಇಬ್ಬರೂ ಅತಿ ಮರ್ಯಾದೆಯವರು. ಸೊಸೆ ಶುಂಠಿಯನ್ನು ಬೈಯಲಿಲ್ಲ, ಅತ್ತೆ ಗುಳಿಗೆಯನ್ನು ಬೈಯಲಿಲ್ಲ. ಆದರೆ ಸೊಸೆಗೆ ತಲೆನೋವು ಬರಲಿಲ್ಲ. ಒಂದು ವರ್ಷ ಬರಲಿಲ್ಲ, ಎರಡು ವರ್ಷ ಬರಲಿಲ್ಲ, ಆರು ವರ್ಷ ಬರಲಿಲ್ಲ. ಲಸಿಕೆ ಹಾಕಲು ಹಳ್ಳಿ ಹಳ್ಳಿ ತಿರುಗಿ ಸಂಜೆ ಸುಸ್ತಾಗಿ ಬಂದವಳ ಮುಖವನ್ನು ಅತ್ತೆ ಬಾಗಿಲಲ್ಲೇ ಓದುತ್ತಿದ್ದಳು.

"ಏನವಾ, ತಲಿ ಗಿಲಿ..."

"ಏನಿಲ್ರಿ ಅತ್ತಿ. ಆರಾಮದೀನಿ."

ಮುಗಿಯಿತು. ಅತ್ತೆ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು. ಒಮ್ಮೆ ನನ್ನ ಹತ್ತಿರ ಬಾಯಿಬಿಟ್ಟು ಹೇಳಿದಳು: "ಊರಿನ ತಲಿ ಎಲ್ಲಾ ನನ್ನ ತೊಡಿ ಮ್ಯಾಲ ಮಲಗಿ ಹೋಗ್ಯಾವಲೇ ಅಳಿಯಾ. ಮನಿ ತಲಿ ಒಂದು ಬರಲಿಲ್ಲ ನೋಡು. ನನಗರ ಹೆಣ್ಣುಮಕ್ಕಳಿಲ್ಲ. ಆಕಿ ಇನ್ನೂ ಇದು ಅತ್ತಿ ಮನಿ ಅನಕೊಂಡ ಅದಾಳ." ನಾನು ನಕ್ಕುಬಿಟ್ಟೆ. ಆಗ ನಗಬಾರದಿತ್ತು ಎಂದು ಈಗ ಅನಿಸುತ್ತದೆ.

ಹೋದ ವರ್ಷ ಒಂದು ಮಧ್ಯಾಹ್ನ ಎದುರುಮನೆಯ ನಿವೃತ್ತ ಕಂಡಕ್ಟರು ಅತ್ತೆಯ ಮನೆಗೆ ಬಂದರು. ನಲವತ್ತು ವರ್ಷದ ನೆರೆಯವರು, ಅತ್ತೆಗೆ ತಮ್ಮನ ಹಾಗೆ. ತಲೆಯ ಹಿಂಭಾಗ ವಿಪರೀತ ನೋವು ಎಂದರು. ಅತ್ತೆ ಮೂರು ಪ್ರಶ್ನೆ ಕೇಳಿದಳು, ಮಲಗಿಸಿದಳು, ಶುಂಠಿ ಹಚ್ಚಿದಳು. ಅವರು ಏನೋ ಹೇಳಲು ಹೊರಟರು. ಅತ್ತೆ ಎಂದಿನಂತೆ ಗದರಿದಳು: "ಸುಮ್ಮನಿರಪಾ, ಒಣಗಲಿ." ಅವರು ಸುಮ್ಮನಾದರು. ಅತ್ತೆ ಶೇಂಗಾ ಬೆಲೆಯ ಬಗ್ಗೆ ಮಾತಾಡುತ್ತ ಕುಳಿತಳು.

ಅಷ್ಟರಲ್ಲಿ ಸೊಸೆ ಕೆಲಸ ಮುಗಿಸಿ ಬಂದಳು. ಚಪ್ಪಲಿ ಬಿಡುತ್ತ ಒಮ್ಮೆ ನೋಡಿದವಳು ಇನ್ನೊಂದು ಚಪ್ಪಲಿ ಬಿಡಲಿಲ್ಲ.

"ಅತ್ತಿ, ಅವ್ರಿಗೆ ಮಾತಾಡಾಕ ಹೇಳ್ರಿ."

"ಇನ್ನೂ ಒಣಗಿಲ್ಲವಾ."

"ಮಾತಾಡ್ರಿ ಕಾಕಾ. ನಿಮ್ಮ ಹೆಸರು ಹೇಳ್ರಿ."

ಅವರು ಹೇಳಿದರು. ಅದು ಹೆಸರಿನ ಹಾಗೆ ಕೇಳಿಸಲಿಲ್ಲ. ನಾಲಗೆ ತೊದಲುತ್ತಿತ್ತು, ಬಾಯಿ ಒಂದು ಕಡೆ ವಾಲಿತ್ತು. ಲಕ್ವ ಹೊಡೆದಿತ್ತು. ಸೊಸೆ ಬೀದಿಗೆ ಓಡಿ ಒಂದು ಗಾಡಿ ನಿಲ್ಲಿಸಿ, ಅವರನ್ನು ಕೂಡ್ಲಿಗಿಗೆ, ಅಲ್ಲಿಂದ ದಾವಣಗೆರೆಗೆ ಕರೆದುಕೊಂಡು ಹೋದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಕಂಡಕ್ಟರು ಉಳಿದರು. ಈಗ ಕೋಲು ಹಿಡಿದು ನಡೆಯುತ್ತಾರೆ, ಬಸ್ಸು ತಡವಾಗಿ ಬಂದರೆ ಮೊದಲಿನಂತೆಯೇ ಬೈಯುತ್ತಾರೆ. ಅತ್ತೆಯ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿಲ್ಲ.

ಆದರೆ ಅತ್ತೆ ಅವತ್ತೇ ಸಾಣೆಕಲ್ಲು ತೊಳೆದು ಅಟ್ಟಕ್ಕೇರಿಸಿದಳು.

ತಲೆ ಹಿಡಿದುಕೊಂಡು ಬಂದವರಿಗೆ "ದವಾಖಾನಿಗೆ ಹೋಗ್ರಿ" ಎಂದಷ್ಟೇ ಹೇಳಿ ಬಾಗಿಲಿಂದಲೇ ಕಳಿಸಿದಳು. ಮಾತು ಕಡಿಮೆಯಾಯಿತು, ಊಟ ಅದಕ್ಕಿಂತ ಕಡಿಮೆಯಾಯಿತು. ದಸರಾ ರಜೆಯಲ್ಲಿ ನಾನು ಹೋದಾಗ ಮಾವ ಪಡಸಾಲೆಯಲ್ಲಿ ಕುಳಿತು, "ತಲಿ ಸಿಡಿಯಾಕತ್ತೈತಿ!" ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತಿದ್ದ. ಐವತ್ತು ವರ್ಷದಲ್ಲಿ ಅವನು ಹಾಗೆ ಬಹಿರಂಗವಾಗಿ ಹೇಳಿದ್ದು ಅದೇ ಮೊದಲು. ಅಡುಗೆಮನೆಯಿಂದ ಒಂದು ಸದ್ದೂ ಬರಲಿಲ್ಲ. "ಮೂರನೇ ಸಲ ಒದರಿದೆ ನೋಡಪಾ," ಎಂದು ನನಗೆ ಪಿಸುಗುಟ್ಟಿದ. ಅವನ ಕಣ್ಣಲ್ಲಿ ನೀರಿತ್ತು.

ಒಳಗೆ ಅತ್ತೆ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಳು. "ಅತ್ತಿ, ನಿನ್ನದೇನು ತಪ್ಪೈತಿ ಅದರಾಗ?" ಎಂದೆ.

"ಅವ ಹೇಳಾಕ ಬಂದನಲೇ. ನಾನ ಬಾಯಿ ಮುಚ್ಚಿಸಿದೆ." ಅಷ್ಟೇ ಹೇಳಿದಳು. ಇಪ್ಪತ್ತು ವರ್ಷದಿಂದ ಮಕ್ಕಳ ಬಾಯಿ ಮುಚ್ಚಿಸುವುದೇ ನನ್ನ ಕಸುಬು.

ಮರುದಿನ ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಸೊಸೆ ಅಟ್ಟ ಹತ್ತಿದಳು. ಸಾಣೆಕಲ್ಲು ಇಳಿಸಿ, ಧೂಳು ಒರೆಸಿ, ಅತ್ತೆಯ ಮುಂದಿಟ್ಟಳು. ಅತ್ತೆ ಮುಖ ತಿರುಗಿಸಿದಳು. ಸೊಸೆ ಅಲ್ಲೇ ಕುಳಿತು, ಬಿ.ಪಿ. ಯಂತ್ರದ ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡು ಗುಂಡಿ ಒತ್ತಿದಳು. ಯಂತ್ರ ಗುರುಗುಟ್ಟಿತು. ಅಂಕಿಯನ್ನು ಅತ್ತೆಯ ಕಡೆ ತಿರುಗಿಸಿ ತೋರಿಸಿದಳು.

"ಬಿ.ಪಿ. ಸರಿ ಐತ್ರಿ. ಮಾತೂ ಸರಿ ಐತಿ, ಕೈಕಾಲೂ ಸರಿ ಅದಾವ. ಇನ್ನ ಮ್ಯಾಲ ಯಾರ ಬಂದ್ರೂ ಮೊದಲ ಇದು, ಆಮ್ಯಾಲ ಶುಂಠಿ. ನಾ ನಿಮಗ ಕಲಿಸ್ತೀನಿ. ಈಗ ನನ್ನ ತಲಿ ನೋಯಾಕತ್ತೈತ್ರಿ ಅತ್ತಿ." ಹೀಗೆಂದವಳೇ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಬಿಟ್ಟಳು.

ಅತ್ತೆ ಕೈಚಾಚಿ ಕಲ್ಲನ್ನು ಹತ್ತಿರ ಎಳೆದುಕೊಂಡಳು. ಶುಂಠಿ ತೇದಳು. ಹಣೆಗೆ ಹಚ್ಚಿ ಮುಗಿಸಿ, ಬೆರಳನ್ನು ಅಲ್ಲೇ ಇಟ್ಟುಕೊಂಡು, "ಮಾತಾಡವಾ. ಏನರ ಮಾತಾಡ್ತಾ ಇರು," ಎಂದಳು. ಸೊಸೆ ಆಸ್ಪತ್ರೆಯ ಸುದ್ದಿ, ತವರಿನ ಸುದ್ದಿ, ತಾನು ಚಿಕ್ಕವಳಿದ್ದಾಗ ಬಾವಿಗೆ ಕೊಡ ಬೀಳಿಸಿದ ಸುದ್ದಿ ಎಲ್ಲ ಹೇಳಿದಳು. ಶುಂಠಿ ಬಿರಿದು ಬಿರಿದು ಬಿತ್ತು. ಅತ್ತೆ ಮತ್ತೆ ಮತ್ತೆ ಹಚ್ಚಿದಳು. ಮಾವ ಎದ್ದು ಕುರಿಯ ಕಡೆ ಹೊರಟ. ನಾನು ಅಲ್ಲಿ ನಿಲ್ಲಲಾರದೆ ಕಟ್ಟೆಗೆ ಬಂದು ಕುಳಿತೆ.

ಸಂಜೆ ನನ್ನನ್ನು ಕಳಿಸಲು ಅತ್ತೆ ಬಾಗಿಲವರೆಗೆ ಬಂದಳು. ಸುಮ್ಮನಿರಲಾರದೆ ನಾನು, "ಅಂತೂ ಆರು ವರ್ಷಕ್ಕ ಆಕಿಗೂ ತಲಿನೋವು ಬಂತಲ್ಲ ಅತ್ತಿ," ಎಂದೆ.

"ಎಲ್ಲಿ ತಲಿನೋವಲೇ? ಹಣಿ ಮುಟ್ಟಿದ ಕೂಡ್ಲೆ ಗೊತ್ತಾತು. ಏನೂ ಇರಲಿಲ್ಲ ಆಕಿಗೆ."

"ಮತ್ತ ಯಾಕ ಹಚ್ಚಿದಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋವಿದ್ರ ಯಾರಾದ್ರೂ ಬರ್ತಾರಪಾ. ಆಕಿ ನೋವಿಲ್ಲದನ ಬಂದಾಳ."