ಘಟದ ಗೋಧಿಯ ವಿಷಯವಾಗಿ ಗಾಮಾ ಯಂತ್ರದವರಿಗೆ

ಯಶವಂತಪುರ,
೨೦ ನವೆಂಬರ್ ೧೯೮೩

ಹೆಸರಘಟ್ಟ ದಾರಿಯ ಆಹಾರ ಸಂರಕ್ಷಣಾ ಪ್ರಯೋಗಾಲಯದಲ್ಲಿ, ಆರಡಿ ದಪ್ಪದ ಗೋಡೆಯ ಹಿಂದೆ ಯಾರಿಗೂ ದರ್ಶನ ಕೊಡದೆ ವಿರಾಜಮಾನರಾಗಿರುವ ಗಾಮಾ ಕಿರಣ ಯಂತ್ರ ಮಹೋದಯರಿಗೆ, ಅದೇ ಪ್ರಯೋಗಾಲಯದ ಉಗ್ರಾಣದ ಗುಮಾಸ್ತ ಶೇಖರಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಹುಳ ಹಿಡಿಯುವ, ಕೊಳೆಯುವ, ಮೊಳಕೆಯೊಡೆಯುವ ಭಯ ತಮಗಂತೂ ಇಲ್ಲ. ನನಗೆ ಮೂರೂ ಇರುವುದರಿಂದ ಈ ಪತ್ರವನ್ನು ಊರೆಲ್ಲ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಮಹಿಮೆಯನ್ನು ಕೊಂಡಾಡದಿದ್ದರೆ ನಾನು ಉಂಡ ಮನೆಗೆ ಎರಡು ಬಗೆದವನಾಗುತ್ತೇನೆ. ತಮ್ಮ ಮುಂದೆ ಒಂದು ಸುತ್ತು ಹಾಯ್ದು ಬಂದ ಈರುಳ್ಳಿ ಯುಗಾದಿಗೆ ಹೇಗಿತ್ತೋ ಗಣೇಶನ ಹಬ್ಬಕ್ಕೂ ಹಾಗೇ ಇತ್ತು, ಬುಟ್ಟಿಯ ಮೂಲೆಯಲ್ಲಿ ಆಲೂಗಡ್ಡೆ ಕಣ್ಣು ಬಿಡುವುದನ್ನೇ ಮರೆತು ಕುಳಿತಿತ್ತು, ಮಾವಿನ ಹಣ್ಣಂತೂ ತಾನು ಹಣ್ಣಾಗಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿತು. ರುಚಿ ನೋಡಿ ಅಭಿಪ್ರಾಯ ಬರೆಯಲೆಂದು ಸಿಬ್ಬಂದಿಗೆ ಕೊಡುತ್ತಿದ್ದ ಚೀಲಗಳನ್ನೆಲ್ಲ ನಾನು ಪ್ರಸಾದದಂತೆ ಹೊತ್ತು ತಂದೆ. ವಿಕಿರಣ ತಿಂದರೆ ಮೈ ಬೆಳಗುತ್ತದಂತೆ ಎಂದು ಹೆದರಿದವರ ಮುಂದೆ, ನಮ್ಮ ಬೀದಿಯ ನಲ್ಲಿಯ ಹತ್ತಿರ ನಿಂತು, ಒಂದು ಇಡೀ ಹಸಿ ಈರುಳ್ಳಿಯನ್ನು ಕಚಕಚ ತಿಂದು ತೋರಿಸಿದ್ದೇನೆ. ಆ ದಿನ ನನ್ನ ಹತ್ತಿರ ಯಾರೂ ಬರಲಿಲ್ಲವೆಂಬುದು ನಿಜ, ಆದರೆ ಅದಕ್ಕೆ ಕಾರಣ ತಾವಲ್ಲ.

ಈ ಭಕ್ತಿ ತಲೆಗೇರಿದ್ದೇ ನನ್ನ ತಪ್ಪು. ಊರಿನಿಂದ ಬಂದಿದ್ದ ಗೋಧಿಗೆ ನವರಾತ್ರಿಗೆ ಮುಂಚೆಯೇ ಹುಳ ಬಿದ್ದಿತ್ತು. ನನ್ನ ಹೆಂಡತಿ ರತ್ನವ್ವನಿಗೆ ಒಂದು ಮಾತೂ ಹೇಳದೆ, ಅದನ್ನು ಎಸೆದು ಡಬ್ಬಿಯ ತುಂಬ ತಮ್ಮ ಕೃಪೆಗೆ ಪಾತ್ರವಾದ ಗೋಧಿ ಸುರಿದೆ. ಅಷ್ಟಕ್ಕೇ ಸುಮ್ಮನಾಗದೆ, ಅಟ್ಟೂರಿನ ಚಂದ್ರವ್ವನವರಿಗೂ ನಾಲ್ಕು ಸೇರು ಕಳಿಸಿಕೊಟ್ಟೆ; ಅವರು ತಮ್ಮ ಮಗ ಶಿವಶರಣಪ್ಪನಿಗೆ ನನ್ನ ಮಗಳು ನೀಲಗಂಗಾಳನ್ನು ತಂದುಕೊಳ್ಳಬೇಕೆಂದಿದ್ದರು. ಎದುರು ಮನೆಯ ಗೋಪಾಲಮ್ಮನವರಿಗೂ ಕೊಡಹೋದೆ. ಅವರು ಮಾತ್ರ "ಕರೆಂಟ್ ಹೊಡ್ಸಿದ್ ಗೋಧಿ ನಮ್ಗೆ ಬೇಡ ಕಣ್ರೀ" ಎಂದು ಕೈಮುಗಿದುಬಿಟ್ಟರು.

ಮಾನ್ಯರೇ, ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟ ಹಾಕುವ ಸಂಗತಿ ತಮ್ಮ ಗೋಡೆಯೊಳಗೆ ತಲುಪಿರಲಾರದು. ದೇವರ ಮುಂದೆ ಮಣ್ಣು ಹರಡಿ, ನಡುವೆ ನೀರು ತುಂಬಿದ ಗಡಿಗೆಯಿಟ್ಟು, ಸುತ್ತಲೂ ಗೋಧಿ ಬಿತ್ತುತ್ತೇವೆ. ಒಂಬತ್ತು ದಿನದಲ್ಲಿ ಗೇಣುದ್ದ ಪೈರು ಬಂದರೆ ಮನೆಗೆ ಏಳಿಗೆ. ವಿಜಯದಶಮಿಯಂದು ಆ ಪೈರನ್ನು ಕಿತ್ತು ಮುಡಿಯಲ್ಲಿ, ಟೋಪಿಯಲ್ಲಿ ಸಿಕ್ಕಿಸಿಕೊಂಡು, ಬನ್ನಿಯ ಜೊತೆ ಹಿರಿಯರಿಗೆ ಕೊಡುತ್ತೇವೆ. ಈ ಸಲ ಎರಡೂ ಮನೆಯವರು ತಮ್ಮ ತಮ್ಮ ಘಟದ ಪೈರು ಬದಲಾಯಿಸಿಕೊಂಡು ಮದುವೆಯ ಮಾತು ಗಟ್ಟಿ ಮಾಡುವುದೆಂದು ತೀರ್ಮಾನವಾಗಿತ್ತು.

ತಮ್ಮ ಗೋಧಿ ಮೂರನೆಯ ದಿನ ಸಾಸಿವೆಯಷ್ಟು ಬಿಳಿ ಮೂತಿ ತೋರಿಸಿತು. ಅಷ್ಟರಲ್ಲೇ ಅದಕ್ಕೆ ತಮ್ಮ ಆಜ್ಞೆ ನೆನಪಾಗಿರಬೇಕು, ಅಲ್ಲೇ ನಿಂತಿತು. ಎಂಥ ಶಿಸ್ತು! ನಮ್ಮ ಕಚೇರಿಯಲ್ಲಿ ಯಾವ ಸುತ್ತೋಲೆಗೂ ಇಷ್ಟು ವಿಧೇಯತೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ರತ್ನವ್ವ ನೀರು ಹೆಚ್ಚಿಸಿದಳು, ನೀರು ಕಡಿಮೆ ಮಾಡಿದಳು, ಮಡಿಯಲ್ಲಿ ಏನು ಲೋಪವಾಯಿತೆಂದು ಗಲ್ಲ ಬಡಿದುಕೊಂಡಳು, ಆರನೆಯ ದಿನದಿಂದ ಒಪ್ಪತ್ತು ಊಟ ಹಿಡಿದಳು. ನನಗೆ ನಾಲ್ಕನೆಯ ದಿನವೇ ಕಾರಣ ಹೊಳೆದಿತ್ತು. ಮೊಳೆಯದ ಈರುಳ್ಳಿಯೆಂದು ನಾನೇ ಊರೆಲ್ಲ ಹೊಗಳಿದ್ದೆನಲ್ಲ, ಗೋಧಿಗೇನು ಬೇರೆ ನ್ಯಾಯವೇ! ಆದರೂ ಬಾಯಿ ಬಿಡಲಿಲ್ಲ. ಅವಳು ಉಪವಾಸವಿದ್ದಳು, ನಾನು ಪಕ್ಕದಲ್ಲಿ ಕುಳಿತು ಎರಡು ರೊಟ್ಟಿ ತಿಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ವಿಜಯದಶಮಿಯ ಬೆಳಿಗ್ಗೆ ಚಂದ್ರವ್ವನವರು ಬಂದರು, ಬರಿಗೈಯಲ್ಲಿ, ಅತ್ತು ಕೆಂಪಾದ ಕಣ್ಣಿನಲ್ಲಿ. ರತ್ನವ್ವ ನಮ್ಮ ಘಟ ಅವರ ಕಣ್ಣಿಗೆ ಬೀಳದಂತೆ ಅದರ ಮುಂದೆ ಸೆರಗು ಹಿಡಿದು ನಿಂತಳು. ಅವರು ಅತ್ತ ನೋಡಲೂ ಇಲ್ಲ, "ನಮ್ಮನಿ ದೇವರು ಮುನಿದಾಳ್ರೀ ಅಕ್ಕಾ, ಘಟಾ ಹುಟ್ಟಿಲ್ಲ. ಬಂಗಾರದಂಥಾ ಹುಡುಗೀನ ಇಂಥಾ ಮನಿಗೆ ಕೊಡಬ್ಯಾಡ್ರಿ" ಎಂದುಬಿಟ್ಟರು. ಬಾಗಿಲ ಹಿಂದಿದ್ದ ನೀಲಗಂಗಾಳ ಮುಖ ಬಿಳಿಚಿದ್ದು ಕಂಡಿತು. ಇನ್ನು ತಡೆಯಲಾಗಲಿಲ್ಲ. ಡಬ್ಬಿ ತಂದು ಇಬ್ಬರ ಮುಂದೆ ಇಟ್ಟು, ಎಲ್ಲವನ್ನೂ ಹೇಳಿ, ಕೆನ್ನೆಗೆ ಕೆನ್ನೆಗೆ ಹೊಡೆದುಕೊಂಡೆ.

ಆಮೇಲೆ ರತ್ನವ್ವ "ಏನ್ರೀ, ನಿಮ್ಮ ಮಷೀನು ಹುಳ ಅಷ್ಟ ಕೊಲ್ತೈತಿ ಅಂದಿದ್ರಿ, ಕಾಳಿನ ಜೀವಾನೂ ತಗೀತೈತೇನು?" ಎಂದಳು. ಹೌದೆಂದೆ. ನೀಲಗಂಗಾ ಕಿಸಕ್ಕನೆ ನಕ್ಕಳು, ಚಂದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೇ ಕುಳಿತು ನಕ್ಕರು, ರತ್ನವ್ವ ನಗುತ್ತ ಅತ್ತಳೋ ಅಳುತ್ತ ನಕ್ಕಳೋ ಹೇಳಲಾರೆ. ಗದ್ದಲ ಕೇಳಿ ಬಂದ ಗೋಪಾಲಮ್ಮ ಸಂಗತಿ ತಿಳಿದು, "ಅಷ್ಟೇ ತಾನೇ? ನಮ್ ಗೊಂಬೆ ಪಾರ್ಕಲ್ಲಿ ಬೇಕಾದಷ್ಟಿದೆ, ಕಿತ್ಕೊಳ್ಳಿ ಕಣ್ರೀ" ಎಂದರು. ಅವರ ದಸರಾ ಗೊಂಬೆಗಳ ಮುಂದೆ ತಟ್ಟೆಯಲ್ಲಿ ಬೆಳೆಸಿದ್ದ ರಾಗಿ ಪೈರು, ಮರದ ಹಸು ಮೇಯುತ್ತಿದ್ದ ಹುಲ್ಲುಗಾವಲು, ಹಚ್ಚಗೆ ನಿಂತಿತ್ತು. ಹಸುವನ್ನು ಪಕ್ಕಕ್ಕೆ ಸರಿಸಿ ಎರಡು ಹಿಡಿ ಕಿತ್ತು ಬೀಗತಿಯರಿಬ್ಬರೂ ಬದಲಾಯಿಸಿಕೊಂಡರು. ಮದುವೆ ಫಾಲ್ಗುಣಕ್ಕೆ ಗೊತ್ತಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ತಮ್ಮ ಚೀಲಗಳ ಮೇಲೆ "ಹೊಟ್ಟೆಗೆ ಮಾತ್ರ, ದೇವರಿಗಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆಸಬೇಕು. ನಮ್ಮ ಬೀದಿಯಲ್ಲಿ ದಿನಕ್ಕೆ ನಾಲ್ಕು ಎಲೆ ಬಿಡುತ್ತಿರುವ ಈ ಸುದ್ದಿಯನ್ನು ಒಮ್ಮೆ ತಮ್ಮ ಮುಂದೆ ಹಾಯಿಸಬೇಕು. ಹಾಗೆಯೇ, ನಾನು ತಿಂದ ಆ ಎರಡು ರೊಟ್ಟಿಯ ನೆನಪು ರತ್ನವ್ವನಲ್ಲಿ ಇನ್ನು ಮುಂದೆ ಪ್ರತಿ ನವರಾತ್ರಿಗೂ ಮೊಳೆಯುವುದು ಖಂಡಿತವಾದ್ದರಿಂದ, ಅದಕ್ಕೆಷ್ಟು ಪ್ರಮಾಣದ ಕಿರಣ ಬೇಕೆಂದು ಲೆಕ್ಕ ಹಾಕಿ ತಿಳಿಸಬೇಕು. ಅವಳನ್ನು ಪೆಟ್ಟಿಗೆಯಲ್ಲಿ ಕೂರಿಸಿ ಕಳಿಸುವ ಧೈರ್ಯ ನನಗಿಲ್ಲ, ತಾವೇ ನಮ್ಮ ಮನೆಯತನಕ ಪಾದ ಬೆಳೆಸಬೇಕು. ಗೋಡೆಯನ್ನು ಹೊರಗೇ ಬಿಟ್ಟು ಬನ್ನಿ, ನಮ್ಮದು ಎರಡೇ ಕೋಣೆಯ ಮನೆ.

ತಮ್ಮ ವಿಶ್ವಾಸಿ, ಆದರೆ ಇನ್ನು ಮುಂದೆ ಈರುಳ್ಳಿಯ ಮಟ್ಟಿಗೆ ಮಾತ್ರ,
ಶೇಖರಪ್ಪ

ಮರೆತ ಮಾತು: ಆ ಡಬ್ಬಿಯಲ್ಲಿ ಉಳಿದಿದ್ದ ತಮ್ಮ ಗೋಧಿಯನ್ನು ನಿನ್ನೆ ಬೀಸಲೆಂದು ತೆಗೆದೆವು. ಮುಚ್ಚಳ ಸಡಿಲಿತ್ತೋ ಏನೋ, ಹೊರಗಿನಿಂದ ಹೊಸ ಹುಳಗಳು ಬಂದು ಸೇರಿವೆ. ಆರೋಗ್ಯವಾಗಿವೆ, ಮಕ್ಕಳುಮರಿಯೂ ಆಗಿದೆ. ರತ್ನವ್ವ ಡಬ್ಬಿಯೊಳಗೆ ಇಣುಕಿ, ಒಂದು ಚಿಟಿಕೆ ಅರಿಶಿನ ಕುಂಕುಮ ಹಾಕಿ, "ಕಡೀಕರ ಇದರಾಗ ಏನರ ಹುಟ್ಟಿತಲ್ರೀ" ಎಂದು ಕೈಮುಗಿದಳು.