ಆರು ಬಾವುಟ, ಒಬ್ಬ ಸರ್ವೆಯರ್

ಎಮ್ಮೆದೊಡ್ಡಿಯ ಕಾವಲನ್ನು ಸರಪಳಿ ಹಿಡಿದು ಅಳೆದವನು ನಾನು. ಅಜ್ಜಂಪುರದ ಕಡೆ ಅಣ್ಣತಮ್ಮಂದಿರ ನಡುವೆ ವರ್ಷಗಟ್ಟಲೆ ನಡೆದಿದ್ದ ಬದುವಿನ ಜಗಳವನ್ನು ಒಂದೇ ಮಧ್ಯಾಹ್ನದಲ್ಲಿ ಬಗೆಹರಿಸಿ, ಇಬ್ಬರಿಂದಲೂ ಬೈಸಿಕೊಂಡು ಬಂದವನು. ಇಂಥ ಅನುಭವಸ್ಥ ಸರ್ಕಾರಿ ಸರ್ವೆಯರು ತನ್ನ ಮನೆಯಿಂದ ಒಂದೂವರೆ ಮೈಲಿ ದೂರದಲ್ಲಿ, ಹಾಡಹಗಲಲ್ಲಿ, ತಾನೇ ಬರೆದ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡು ದಾರಿ ತಪ್ಪಲು ಸಾಧ್ಯವೇ ಎಂದು ನೀವು ಕೇಳಬಹುದು. ಆ ಭಾನುವಾರದವರೆಗೆ ನಾನೂ ಹಾಗೇ ಕೇಳುತ್ತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಡೂರಿನಲ್ಲಿ ಆಫೀಸು, ಹಿರೇನಲ್ಲೂರಿನಲ್ಲಿ ಬಾಡಿಗೆ ಮನೆ. ಕಾಲೇಜಿನಲ್ಲಿದ್ದಾಗ ಒಂದು ಕ್ಯಾಂಪಿನಲ್ಲಿ ಓರಿಯೆಂಟಿಯರಿಂಗ್ ಎಂಬ ಓಟ ಕಲಿತಿದ್ದೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸಾಮಾನ್ಯ ಓಟಗಾರ ಅರ್ಧ ದಾರಿ ಓಡಿರುತ್ತಾನೆ. ಆಟ ಮಾತ್ರ ಸರಳ. ಬಯಲಿನಲ್ಲಿ ಅಲ್ಲಲ್ಲಿ ಬಾವುಟ ನೆಟ್ಟಿರುತ್ತಾರೆ. ಕೈಗೊಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ಯಾರನ್ನೂ ದಾರಿ ಕೇಳದೆ, ಒಬ್ಬೊಬ್ಬರೇ ಹೋಗಿ, ಎಲ್ಲ ಬಾವುಟಗಳನ್ನೂ ಕ್ರಮವಾಗಿ ಮುಟ್ಟಿ ವಾಪಸ್ ಬರಬೇಕು. ವಾರವಿಡೀ ಅದನ್ನೇ ಸಂಬಳಕ್ಕೆ ಮಾಡುವ ನನಗೆ, ಭಾನುವಾರ ಸಂಬಳವಿಲ್ಲದೆಯೂ ಮಾಡಬೇಕೆಂಬ ಹುಮ್ಮಸ್ಸು ಬಂತು. ಅಲ್ಲೇ ಸಮೀಪದ ಹೈಸ್ಕೂಲಿಗೆ ಹೋಗಿ, ಚೆನ್ನಾಗಿ ಓಡುವ ನಾಲ್ಕು ಮಕ್ಕಳನ್ನು ಆರಿಸಿಕೊಂಡು ಕಲಿಸತೊಡಗಿದೆ. ಕಲಿಸಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ನನ್ನ ಹೆಂಡತಿ ಸರ್ವಮಂಗಳ ಮಾತ್ರ ಒಂದು ಪ್ರಶ್ನೆ ಕೇಳಿದ್ದಳು. ಸೋಮವಾರದಿಂದ ಶನಿವಾರ ಮಧ್ಯಾಹ್ನದವರೆಗೆ ಆಫೀಸಿನ ಅಳತೆ, ಆಮೇಲೆ ಭಾನುವಾರ ಸಂಜೆಯವರೆಗೆ ಮಕ್ಕಳ ಓಟ. ಮನೆಗೆ ಯಾವ ವಾರ ಅಂತ. ನಾನು ಗಂಭೀರವಾಗಿ, ಯುವಜನರ ಭವಿಷ್ಯ, ಸಮಾಜದ ಋಣ ಎಂದೆಲ್ಲ ವಿವರಿಸಿದೆ.

"ಆಯ್ತು ಕಣ್ರೀ," ಅಂದಳು. "ಆ ನಕ್ಷೇಲಿ ನಮ್ಮನೆ ಎಲ್ಲೈತೆ ಅಂತ ಒಂದು ಗುರುತು ಹಾಕಿಟ್ಕೊಳ್ಳಿ. ಮರೆತೋದೀತು."

ನಾಲ್ವರಲ್ಲಿ ನಿಜವಾದ ಪ್ರತಿಭೆ ನಾಗರತ್ನ ಎಂಬ ಹತ್ತನೇ ಕ್ಲಾಸಿನ ಹುಡುಗಿ. ಮಾತು ಕಡಿಮೆ, ಕಣ್ಣು ಬಹಳ ಚುರುಕು. ನಕ್ಷೆಯನ್ನು ಒಮ್ಮೆ ನೋಡಿದರೆ ಸಾಕು, ಹಳ್ಳ ಎಲ್ಲಿ, ಬದು ಎಲ್ಲಿ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಅಷ್ಟರಲ್ಲಿ ಮೈಸೂರಿನಲ್ಲಿ ಇದೇ ಓಟದ ಹತ್ತು ದಿನದ ಕ್ಯಾಂಪ್ ನಡೆಯುತ್ತದೆಂದು ತಿಳಿಯಿತು. ಅಲ್ಲಿ ಆಯ್ಕೆಯಾದ ಮಕ್ಕಳಿಗೆ ಮುಂದೆ ಕಾಲೇಜು, ಹಾಸ್ಟೆಲ್ಲು ಎರಡಕ್ಕೂ ಅನುಕೂಲವಿತ್ತು. ಮೂರು ಮನೆಯವರು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದರು. ಜೊತೆಗೆ ಒಬ್ಬ ಟೀಚರಮ್ಮನೂ ಬರುತ್ತಾರೆಂದು ಹೇಳಿದರೂ, ನಾಗರತ್ನಳ ಅಜ್ಜ ಮರುಳಪ್ಪಜ್ಜ ಮಾತ್ರ ಒಪ್ಪಲಿಲ್ಲ. ಆ ಮನೆಯಲ್ಲಿ ಅವರದೇ ಮಾತು. ಈ ಪರೀಕ್ಷೆ ಮುಗಿದ ಮೇಲೆ ಓದು ಸಾಕು, ಗಂಡು ನೋಡೋಣ ಎಂಬ ಯೋಚನೆಯೂ ಅವರಿಗಿತ್ತು.

"ಗುರುತು ಪರಿಚಯ ಇಲ್ಲದ ಊರು ಸ್ವಾಮಿ. ಮಗು ದಾರಿ ತಪ್ಪಿದ್ರೆ ಯಾರನ್ನ ಕೇಳಾನ?" ಅಂದರು.

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ! ಬರುವ ಭಾನುವಾರ ಗೋಮಾಳದಲ್ಲಿ ಆರು ಬಾವುಟ ನೆಡುತ್ತೇನೆ, ನಿಮ್ಮ ಮೊಮ್ಮಗಳು ಎಂಟು ಗಂಟೆಗೆ ಶಾಲೆಯಿಂದ ಹೊರಟು, ಆರೂ ಕಡೆಯಿಂದ ಚೀಟಿ ತಂದು, ಹನ್ನೊಂದರೊಳಗೆ ನಿಮ್ಮ ಮುಂದೆ ನಿಲ್ಲುತ್ತಾಳೆ, ನಿಲ್ಲದಿದ್ದರೆ ಈ ಕಾಗದವನ್ನು ನಾನೇ ಹರಿದು ಹಾಕುತ್ತೇನೆ ಎಂದು ಘೋಷಿಸಿಬಿಟ್ಟೆ. ಅಜ್ಜ ಒಪ್ಪಿದರು. ನಾಗರತ್ನ ಮಾತ್ರ, ಬೇರೆಯವರ ಪೈಜಿಗೆ ತನ್ನನ್ನು ಒತ್ತೆ ಇಟ್ಟಂತೆ ನನ್ನ ಮುಖ ನೋಡಿದಳು.

ಬಾವುಟಕ್ಕೆ ಕೆಂಪು ಬಿಳಿ ಬಟ್ಟೆ ಬೇಕಿತ್ತು. ಅಂಗಡಿಗೆ ಹೋಗಲು ಪುರುಸೊತ್ತಿರಲಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಕೆಂಪು ಬಿಳಿ ಪಟ್ಟೆಯ ಮೆತ್ತನೆಯ ಹಳೇ ಸೀರೆಯೊಂದು ಸಿಕ್ಕಿತು. ದೇವರೇ ಕೊಟ್ಟ ಎಂದುಕೊಂಡು ಆರು ತುಂಡು ಮಾಡಿದೆ. ದೇವರು ಕೊಟ್ಟಿರಲಿಲ್ಲ. ತರೀಕೆರೆಯಲ್ಲಿ ನನ್ನ ನಾದಿನಿಯ ಮಗುವಿಗೆ ಅದೇ ಭಾನುವಾರ ಸಂಜೆ ನಾಮಕರಣ. ತೊಟ್ಟಿಲಿಗೆ ಹಾಸಲೆಂದು ಸರ್ವಮಂಗಳ ಆ ಸೀರೆಯನ್ನು ಒಗೆದು ಮಡಿಸಿ ಇಟ್ಟಿದ್ದಳು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆರು ತುಂಡೂ ಭಾನುವಾರ ಹನ್ನೆರಡೂವರೆ ಬಸ್ಸಿಗೆ ಮುಂಚೆ ತನ್ನ ಕೈಗೆ ಬರಬೇಕು, ಹೊಲಿದು ಹಾಸುತ್ತೇನೆ, ನೀವೂ ಆ ಬಸ್ಸಿನಲ್ಲಿ ಇರಬೇಕು ಎಂದಷ್ಟೇ ಹೇಳಿದಳು. ಹತ್ತಕ್ಕೆಲ್ಲ ಮುಗಿಯುತ್ತೆ ಕಣೇ ಎಂದು ಮಾತು ಕೊಟ್ಟೆ.

ಶನಿವಾರ ಮಧ್ಯಾಹ್ನ ಬಿದಿರು ಕಡ್ಡಿಗಳಿಗೆ ಬಟ್ಟೆ ಕಟ್ಟಿ, ಪ್ರತಿಯೊಂದಕ್ಕೂ ಖಾಲಿ ಬೆಂಕಿಪೊಟ್ಟಣ ಬಿಗಿದು, ಅದರೊಳಗೆ ಚೀಟಿಗಳನ್ನಿಟ್ಟು ಹೊರಟೆ. ಗೋಮಾಳ ಮತ್ತು ಅದರ ಸುತ್ತಲಿನ ಹೊಲಗಳಲ್ಲಿ ಆರು ಕಡೆ ನೆಟ್ಟೆ. ರಾಗಿ ಕೊಯ್ಲು ಮುಗಿದು ಹೊಲಗಳು ಖಾಲಿ ಇದ್ದವು. ಒಂದು ಬಾವುಟ ಮರುಳಪ್ಪಜ್ಜನ ಹೊಲದ ಬದುವಿನ ಮೇಲೂ ಬಂತು. ದನ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು, ಇದೇನು ಸ್ವಾಮಿ ಎಂದು ವಿಚಾರಿಸಿದರು. ಮಕ್ಕಳಿಗೆ ಸುದ್ದಿ ಮುಟ್ಟಿದರೆ ಪಂದ್ಯ ಕೆಡುತ್ತದಲ್ಲ! ಆದ್ದರಿಂದ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ. ಈಗ ಹೇಳುವ ಹಾಗಿಲ್ಲ, ಭಾನುವಾರ ನಿಮಗೇ ಗೊತ್ತಾಗುತ್ತೆ.

ಹೊಲದಲ್ಲಿ ನಿಂತು ನಕ್ಷೆ ಬಿಡಿಸಿ, ಕೆಂಪು ಬಾವುಟ ನೆಟ್ಟು, ಈಗ ಹೇಳುವ ಹಾಗಿಲ್ಲ ಎನ್ನುವ ಸರ್ಕಾರಿ ಸರ್ವೆಯರನ್ನು ಕಂಡರೆ ರೈತನಿಗೆ ಏನನ್ನಿಸಬಹುದೆಂದು ನನಗೆ ಹೊಳೆಯಲೇ ಇಲ್ಲ. ಹತ್ತು ವರ್ಷ ಸರ್ವೀಸಾಗಿತ್ತು!

ಭಾನುವಾರ ಎಂಟಕ್ಕೆ ಸರಿಯಾಗಿ ಮಕ್ಕಳು ಒಬ್ಬೊಬ್ಬರಾಗಿ ಹೊರಟರು. ನನ್ನ ದಿಕ್ಸೂಚಿಯೂ ಸೇರಿ ಇದ್ದದ್ದೇ ನಾಲ್ಕು. ನಾಲ್ಕನ್ನೂ ಅವರಿಗೇ ಕೊಟ್ಟೆ. ನನಗ್ಯಾಕೆ ದಿಕ್ಸೂಚಿ? ಮರುಳಪ್ಪಜ್ಜ ಬಂದು ಶಾಲೆಯ ಜಗುಲಿಯ ಮೇಲೆ ಕೂತರು. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಒಬ್ಬರೂ ಇಲ್ಲ. ಅಜ್ಜ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಕೈಗಡಿಯಾರವನ್ನು ನೋಡುತ್ತಿದ್ದರು. ಆ ಹುಡುಗಿಯ ಓದನ್ನು ನನ್ನ ಬಾಯಿಚಪಲಕ್ಕೆ ಬಲಿ ಕೊಟ್ಟೆನೇನೋ ಎನ್ನಿಸಿ ನಿಜಕ್ಕೂ ಭಯವಾಯಿತು. ಒಂದು ಸುತ್ತು ನೋಡಿ ಬರುತ್ತೇನೆ ಎಂದು ನಕ್ಷೆ ಹಿಡಿದು ಹೊರಟೆ.

ಮೊದಲ ಬಾವುಟ ಗೋಮಾಳದಂಚಿನ ಹುಣಸೆಮರದ ಕೆಳಗಿರಬೇಕಿತ್ತು. ದೂರದಿಂದಲೇ ಕೆಂಪು ಬಟ್ಟೆ ಕಂಡು ಖುಷಿಯಿಂದ ಹೋದೆ. ಬಾವುಟ ಇತ್ತು, ಹುಣಸೆಮರ ಇರಲಿಲ್ಲ. ಇಂಥ ಸಂದರ್ಭದಲ್ಲಿ ನಕ್ಷೆಯನ್ನು ನಂಬಬೇಕೆಂದು ಮಕ್ಕಳಿಗೆ ಪ್ರತಿವಾರ ಪಾಠ ಹೇಳಿದವನು ನಾನೇ. ನಾನು ಬಾವುಟವನ್ನು ನಂಬಿದೆ. ರಾತ್ರೋರಾತ್ರಿ ಯಾರೋ ಹುಣಸೆಮರ ಕಡಿದಿರಬೇಕೆಂದು ತೀರ್ಮಾನಿಸಿದೆ! ಅಲ್ಲಿಂದ ಲೆಕ್ಕ ಹಾಕಿ, ಎಡಕ್ಕೆ ಇನ್ನೂರು ಹೆಜ್ಜೆ ನಡೆದು, ಜಾಲಿಮುಳ್ಳಿನ ಹಳ್ಳಕ್ಕೆ ಇಳಿದೆ. ಅಲ್ಲೊಂದು ಚಪ್ಪಲಿ ಹರಿಯಿತು. ಅದನ್ನು ಕೈಯಲ್ಲಿ ಹಿಡಿದು ಮೇಲೆ ಬಂದರೆ ಇನ್ನೊಂದು ಬಾವುಟ. ಅದರ ಪಕ್ಕದಲ್ಲಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಒಬ್ಬ ರೈತ ಕಾಯುತ್ತಿದ್ದ.

"ಬನ್ನಿ ಸ್ವಾಮಿ, ನಿಮ್ಮನ್ನೇ ಕಾಯ್ತಾ ಇವ್ನಿ. ಮಿಷನ್ ಯಾವಾಗ ಬತ್ತದೆ?"

ಯಾವ ಮಿಷನ್ ಎಂದು ಕೇಳಿದೆ. ಆಗ ಸಂಗತಿ ಹೊರಬಿತ್ತು. ಶನಿವಾರ ಸಂಜೆ ಊರಲ್ಲಿ ಎರಡು ಸುದ್ದಿ ಹುಟ್ಟಿದ್ದವು. ಮೇಲಿನ ಕೇರಿಯ ಸುದ್ದಿ, ಬಾವುಟ ಇರುವ ಕಡೆ ಹೊಸ ರಸ್ತೆ ಬರುತ್ತದೆ, ಜಮೀನು ಹೋಗುತ್ತದೆ ಎಂದು. ಕೆಳಗಿನ ಕೇರಿಯ ಸುದ್ದಿ, ಬಾವುಟ ಇರುವ ಕಡೆ ಸರ್ಕಾರ ಬೋರ್‌ವೆಲ್ ಕೊರೆಸುತ್ತದೆ ಎಂದು. ಮೇಲಿನ ಕೇರಿಯವರು ತಮ್ಮ ಹೊಲದ ಬಾವುಟ ಕಿತ್ತು ಪಕ್ಕದವರ ಹೊಲಕ್ಕೆ ನೆಟ್ಟರು. ಕೆಳಗಿನ ಕೇರಿಯವರು ಪಕ್ಕದವರ ಹೊಲದ್ದನ್ನು ಕಿತ್ತು ತಮ್ಮದಕ್ಕೆ ನೆಟ್ಟರು. ಒಂದು ಬಾವುಟವಂತೂ ಬೆಳಗಿನವರೆಗೆ ಮೂರು ಯಜಮಾನರನ್ನು ಕಂಡಿತ್ತು. ಚೀಟಿಗಳ ಗತಿ ಏನು ಎಂದೆ. ಬೆಂಕಿಪೊಟ್ಟಣ ನೋಡಿ ಬೀಡಿ ಹಚ್ಚೋಕೆ ತೆಗೆದ್ರೆ ಬರೀ ಕಾಗದ ಸ್ವಾಮಿ ಎಂದು ಆತ ನನ್ನ ಮೇಲೇ ಬೇಸರಪಟ್ಟ. ಇದು ಮಕ್ಕಳ ಓಟ ಕಣಪ್ಪಾ ಎಂದು ನಾನೆಷ್ಟು ಹೇಳಿದರೂ ಅವನು ನಂಬಲಿಲ್ಲ. ನೆಂಟರಿಗೇನಾದರೂ ಬೋರು ಬರೆಸಿದ್ದೀರಾ ಎಂಬ ಅನುಮಾನದಿಂದ ನೋಡಿದ. ಅವನ ಹೊಲದ ಬಾವುಟ ಕೀಳಲು ಹೋದೆ. ಅವನು ನಾಯಿಯನ್ನು ಕರೆದ. ನಾನು ಓಡಿದೆ. ಆ ಭಾನುವಾರದ ನಿಜವಾದ ಓಟ ಎಂದರೆ ಅದೇ.

ನಾಯಿ ಬಿಟ್ಟ ಮೇಲೆ ನೋಡಿದರೆ ಒಂದು ಬಂಡೆ. ಹತ್ತಿದೆ. ನಾಲ್ಕು ದಿಕ್ಕಿಗೂ ತೆಂಗಿನ ತೋಟ, ತೋಟದಾಚೆ ಹೆಂಚಿನ ಮನೆಗಳು. ಎಲ್ಲ ಊರೂ ಒಂದೇ ಥರ. ಸೂರ್ಯನನ್ನು ನೋಡಿ ದಿಕ್ಕು ಹಿಡಿಯೋಣವೆಂದರೆ ಅವನೂ ನೆತ್ತಿಯ ಹತ್ತಿರ ಬಂದು ನಿಂತಿದ್ದ. ಹನ್ನೊಂದು ಎಂದೋ ದಾಟಿತ್ತು. ಕಾಗದ ಹರಿಯುತ್ತೇನೆ ಎಂದು ಅಜ್ಜನ ಮುಂದೆ ಹೇಳಿದವನು ನಾನು. ಬರಿಗಾಲಿನ ಮುಳ್ಳು ಕೀಳುತ್ತ ಬಂಡೆಯ ಮೇಲೆ ಕೂತೆ. ಅಳು ಬರುವಂತಿತ್ತು.

"ಸಾರ್, ಇಳೀರಿ. ಶಾಲೆ ಈ ಕಡೆಗೈತೆ."

ಕೆಳಗೆ ನಾಗರತ್ನ ನಿಂತಿದ್ದಳು. ಕೈಯಲ್ಲಿ ನನ್ನದೇ ದಿಕ್ಸೂಚಿ. ಹತ್ತೂಮುಕ್ಕಾಲಿಗೆ ಅವಳು ಶಾಲೆಗೆ ವಾಪಸ್ ಬಂದಿದ್ದಳಂತೆ. ಉಳಿದ ಮೂವರೂ ಅವಳ ಹಿಂದೆಯೇ ಬಂದರಂತೆ. ಯಾರ ಕೈಯಲ್ಲೂ ಒಂದು ಚೀಟಿಯೂ ಇಲ್ಲ. ಅಷ್ಟರಲ್ಲಿ ಸರ್ವಮಂಗಳ ಬ್ಯಾಗು ಹಿಡಿದುಕೊಂಡು ಶಾಲೆಗೇ ಬಂದು, ನಮ್ಮೆಜಮಾನರು ಎಲ್ಲಿ ಎಂದು ಕೇಳಿದ್ದಾಳೆ. ಎಲ್ಲರೂ ಮುಖ ಮುಖ ನೋಡಿಕೊಂಡಿದ್ದಾರೆ. ಕೊನೆಗೆ ನಾಗರತ್ನಳೇ ಹುಡುಕಲು ಹೊರಟಿದ್ದಾಳೆ. ಇಷ್ಟು ಬೇಗ ನಾನು ಹೇಗೆ ಸಿಕ್ಕೆ ಎಂದು ಕೇಳಿದೆ. ಹಳ್ಳದ ಮರಳಲ್ಲಿ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು, ಸುಲಭವಾಯಿತು ಸಾರ್ ಅಂದಳು.

ಅವಳು ಮುಂದೆ, ನಾನು ಕುಂಟುತ್ತ ಹಿಂದೆ, ಶಾಲೆ ತಲುಪಿದಾಗ ಹನ್ನೆರಡು ದಾಟಿತ್ತು. ದಾರಿಯಲ್ಲಿ ಎರಡು ಬಾವುಟ ಮಾತ್ರ ಕೈಗೆ ಸಿಕ್ಕಿದ್ದವು. ಸರ್ವಮಂಗಳ ಎಣಿಸಿ ನೋಡಿ ಬ್ಯಾಗಿಗೆ ಹಾಕಿಕೊಂಡಳು. ಮರುಳಪ್ಪಜ್ಜ ಎದ್ದು ನಿಂತರು. ಮೊಮ್ಮಗಳು ಹೊತ್ತಿಗೆ ಸರಿಯಾಗಿ ಬಂದದ್ದು ನಿಜ, ಆದರೆ ಚೀಟಿ ಇಲ್ಲ, ಯಾವುದೋ ಮರದ ನೆರಳಲ್ಲಿ ಕೂತು ಬಂದಿಲ್ಲ ಎಂಬುದಕ್ಕೆ ಏನು ಗುರುತು ಎಂಬುದು ಅವರ ಮಾತು. ನ್ಯಾಯವಾದ ಪ್ರಶ್ನೆ. ಕಾಗದ ಜೇಬಿನಲ್ಲೇ ಇತ್ತು.

ನಾಗರತ್ನ ತನ್ನ ನಕ್ಷೆಯನ್ನು ತಿರುಗಿಸಿ ನನ್ನ ಕೈಗೆ ಕೊಟ್ಟಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಏನೇನೋ ಬರೆದಿದ್ದಳು. ಅಜ್ಜನಿಗೆ ಓದಲು ಬಾರದು. ಗಟ್ಟಿಯಾಗಿ ಓದಿ ಸ್ವಾಮಿ ಅಂದರು. ಓದಿದೆ.

ಒಂದು, ಹುಣಸೆಮರ. ಬಾವುಟ ಇಲ್ಲ, ಕಡ್ಡಿ ನೆಟ್ಟ ತೂತು ಇದೆ. ಎರಡು, ಒಡೆದ ತೊಟ್ಟಿಯ ಹಿಂದೆ. ಬಾವುಟ ಇಲ್ಲ, ತೂತು ಇದೆ, ಪಕ್ಕದಲ್ಲಿ ಬೀಡಿ ತುಂಡು. ಮೂರು, ಹುತ್ತ. ಬಾವುಟ ಇಲ್ಲ, ತೂತಿಗೆ ಮಣ್ಣು ಮುಚ್ಚಿದ್ದಾರೆ. ನನ್ನ ದನಿ ಏರಿತು. ಆರೂ ಕಡೆ ಈ ಮಗು ಕರಾರುವಾಕ್ಕಾಗಿ ಹೋಗಿ ಬಂದಿತ್ತು! ಬಾವುಟವೇ ಇಲ್ಲದ ಜಾಗವನ್ನು ನಕ್ಷೆಯೊಂದನ್ನೇ ನಂಬಿ ಹುಡುಕಿತ್ತು. ಜಗುಲಿಯ ಮೇಲಿದ್ದವರಿಗೆಲ್ಲ ಕೇಳಲೆಂದು ಇನ್ನೂ ಗಟ್ಟಿಯಾಗಿ ಓದಿದೆ.

"ನಾಲ್ಕು, ನಮ್ಮ ಹೊಲದ ಬದು. ಬಾವುಟ ಇಲ್ಲ. ತೂತಿನ ಪಕ್ಕದಲ್ಲಿ ಟೈರಿನ ಮೆಟ್ಟಿನ ಗುರುತು, ಬಲಗಾಲಿನ ಹಿಮ್ಮಡಿಗೆ ತೇಪೆ. ನಮ್ಮ ಅಜ್ಜಂದು."

ಐದನ್ನು ಓದದೆ ನಕ್ಷೆ ಮಡಿಸಿದೆ. ಎಲ್ಲರ ಕಣ್ಣೂ ಮರುಳಪ್ಪಜ್ಜನ ಬಲಗಾಲಿನ ಮೇಲೆ ಹೋಯಿತು. ಅಜ್ಜ ಮೆಲ್ಲಗೆ ಆ ಕಾಲನ್ನು ಎಡಗಾಲಿನ ಹಿಂದಕ್ಕೆ ಸರಿಸಿದರು. ರಸ್ತೆ ಬತ್ತದೆ ಅಂದ್ರು, ಅದ್ಕೆ ಕಿತ್ತೆ ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ಆಮೇಲೆ ಮೊಮ್ಮಗಳನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ತಮ್ಮ ಮನೆಯಲ್ಲಿ ಇಷ್ಟು ದಿನ ಇದ್ದವಳು ಯಾರು ಎಂದು ಆಗ ತಿಳಿದುಕೊಂಡವರ ಹಾಗೆ ನೋಡುತ್ತಿದ್ದರು.

"ಎಲ್ಲೈತೆ ಸ್ವಾಮಿ ಆ ಕಾಗದ? ಕೊಡಿ, ಹೆಬ್ಬೆಟ್ಟು ಒತ್ತೀನಿ."

ಒತ್ತಿದರು. ಬೆರಳನ್ನು ಟವೆಲಿಗೆ ಒರೆಸಿಕೊಳ್ಳುತ್ತ ನನ್ನ ಹರಿದ ಚಪ್ಪಲಿ, ಮುಳ್ಳು ಚುಚ್ಚಿದ ಕಾಲು, ಪಂಚೆಗೆ ಹತ್ತಿದ ಕೆಮ್ಮಣ್ಣು ಎಲ್ಲವನ್ನೂ ನಿಧಾನವಾಗಿ ನೋಡಿ, ನಾಗರತ್ನಳ ಕಡೆ ತಿರುಗಿದರು.

"ಮೈಸೂರಲ್ಲಿ ಸಾಹೇಬ್ರ ಕೈ ಬಿಟ್ಟುಗಿಟ್ಟೀಯ ಕಣವ್ವ. ಅವ್ರಿಗೂ ಹೆಂಡ್ರು ಮಕ್ಳು ಅವ್ರೆ."

ಹೆಂಡತಿ ಪಕ್ಕದಲ್ಲೇ ನಿಂತು, ಹೌದು ಎಂದು ತಲೆಯಾಡಿಸಿದಳು.

ಹನ್ನೆರಡೂವರೆ ಬಸ್ಸು ಸಿಕ್ಕಿತು. ತರೀಕೆರೆಯಲ್ಲಿ ಮಗು ಎರಡು ತುಂಡು ಬಟ್ಟೆಯ ಮೇಲೆ ಯಾವ ತಕರಾರೂ ಇಲ್ಲದೆ ಮಲಗಿತು. ಉಳಿದ ನಾಲ್ಕು ಬಾವುಟಗಳು ಕೆಳಗಿನ ಕೇರಿಯ ಹೊಲಗಳಲ್ಲಿ ಮಳೆಗಾಲದವರೆಗೂ ಬೋರ್‌ವೆಲ್ ಮಿಷನ್ನನ್ನು ಕಾದವು. ಆ ಕಡೆಗೆ ನಾನು ಬಹಳ ದಿನ ಹೋಗಲಿಲ್ಲ.

ಮುಂದಿನ ತಿಂಗಳು ನಾಲ್ಕು ಮಕ್ಕಳು, ಟೀಚರಮ್ಮ, ನಾನು ಕಡೂರಿನಲ್ಲಿ ರೈಲು ಹತ್ತಿದೆವು. ಬಾಣಾವರ, ಅರಸೀಕೆರೆ, ಹಾಸನ, ಪ್ರತಿ ಸ್ಟೇಷನ್ನಿನಲ್ಲೂ ನಾಗರತ್ನ ಎದ್ದು ನಿಂತು ತಲೆ ಎಣಿಸುತ್ತಿದ್ದಳು. ಮೊದಲು ನನ್ನನ್ನೇ ಎಣಿಸುತ್ತಿದ್ದಳು.