ಮೋಟಾರು ಡಿಶ್ಶಿಗೊಂದು ರೆಕಾರ್ಡರು

ಅನುಮಾನವೆಂಬುದು ನನಗೆ ಮನೆತನದಿಂದ ಬಂದ ಕಾಯಿಲೆಯಲ್ಲ, ಉದ್ಯೋಗದಿಂದ ಅಂಟಿದ್ದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಾನೊಬ್ಬ ಗುಮಾಸ್ತ. ಚೀಲದ ಬಾಯಲ್ಲಿರುವ ಕಾಯಿಯನ್ನು ನಂಬಬಾರದು ಎಂಬುದೇ ಅಲ್ಲಿ ಕಲಿತ ಮೊದಲ ಪಾಠ. ಮೇಲೆ ಕೆಂಪಗೆ ಮಿರುಗುತ್ತಿರುತ್ತದೆ. ಮೊಳಕೈವರೆಗೆ ಕೈಯಿಳಿಸಿ ನಡುವಿನಿಂದ ಹಿಡಿ ತುಂಬ ಎಳೆದು ನೋಡಿದಾಗಲೇ ನಿಜ ಬಣ್ಣ. ಹೀಗೆ ಎಳೆದೆಳೆದು ಈಗ ಮನೆಯ ಅವಲಕ್ಕಿಯನ್ನೂ ನಡುವೆ ಕೆದಕದೆ ನಾನು ತಿನ್ನುವುದಿಲ್ಲ.

ಮಾಳಿಗೆಯ ಮೇಲೆ ಮೋಟಾರಿನ ಡಿಶ್ ಬಂದದ್ದೂ ಇದೇ ಗುಣದಿಂದ. ಕೇಬಲ್ಲಿನವನು ಒಳ್ಳೊಳ್ಳೆಯ ಚಾನೆಲ್ಲುಗಳನ್ನು ತಾನೊಬ್ಬನೇ ನೋಡುತ್ತಿದ್ದಾನೆಂದು ನನಗೆ ಗುಮಾನಿ. ಅದಕ್ಕೇ ಒಂದು ಉಪಗ್ರಹದಿಂದ ಇನ್ನೊಂದರ ಕಡೆಗೆ ತಾನಾಗಿ ತಿರುಗುವ ಡಿಶ್ ಹಾಕಿಸಿದೆ. ಚಾನೆಲ್ ಬದಲಿಸಿದರೆ ಮೇಲೆ ಅದು ಗುರ್ ಎಂದು ಕತ್ತು ತಿರುಗಿಸುತ್ತದೆ. ಕಂಡದ್ದು ಬಹುತೇಕ ತಿಳಿಯದ ಭಾಷೆಯ ವಾರ್ತೆ. ಆದರೂ ಯಾರೂ ಮುಚ್ಚಿಡಲಿಲ್ಲವೆಂಬ ಸಮಾಧಾನ.

ಈ ನಡುವೆ ನನ್ನ ಹೆಂಡತಿ ಗಿರಿಜೆಯ ತವರೂರಾದ ಅಗಡಿಯ ಭಜನಾ ಮೇಳವನ್ನು ಟಿವಿಯವರು ಚಿತ್ರಿಸಿಕೊಂಡು ಹೋದರು. ಅದರಲ್ಲೊಂದು ಪದ ಅವಳೊಬ್ಬಳೇ ಹಾಡಿದ್ದು. ಭಾನುವಾರ ಬೆಳಿಗ್ಗೆ ಪ್ರಸಾರ, ಅದೂ ಒಂದೇ ಸಲ. "ಅದನ್ನ ಹಿಡಿದಿಡಾಕ ಏನರ ತರ್ರಿ. ಮುಂದ ಮೊಮ್ಮಕ್ಕಳು ನೋಡ್ಲಿ, ಅಜ್ಜಿ ಬರೇ ರೊಟ್ಟಿ ಬಡೀತಿರಲಿಲ್ಲ ಅಂತ" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ವಸ್ತುಗಳು ಬಹಳ ಕಡಿಮೆ.

ರೆಕಾರ್ಡರಿಗಾಗಿ ಮೊದಲು ಹಾವೇರಿಗೆ ಹೋದೆ. ಅಂಗಡಿಯ ಹಿರಿಯರು ಸಾದಾ ಪೆಟ್ಟಿಗೆಯೊಂದನ್ನು ಮುಂದಿಟ್ಟರು. "ನಿಮಗ ಇಷ್ಟ ಸಾಕರಿ. ರೆಕಾರ್ಡ್ ನಡದಾಗ ಇದು ಚಾನೆಲ್ ಬದಲ್ಸಾಕ ಬಿಡೂದಿಲ್ಲ."

"ಒಂದು ರೆಕಾರ್ಡ್ ಮಾಡಕೋತ ಇನ್ನೊಂದು ನೋಡೂವಂಥಾದ್ದೂ ಐತಂತಲ್ಲ?"

"ಐತ್ರಿ. ಎರಡೂ ಚಾನೆಲ್ ಒಂದ ಉಪಗ್ರಹದಾಗ ಇದ್ರ ನಡೀತೈತಿ. ಬ್ಯಾರೆ ಬ್ಯಾರೆ ಇದ್ರ ನಿಮ್ಮ ಡಿಶ್ ಏನ್ ಮಾಡಬೇಕು? ಅದಕ್ಕಿರೂದು ಒಂದ ಮಾರಿ, ಒಮ್ಮೆ ಒಂದ ಕಡೆ ನೋಡತೈತಿ. ಸುಮ್ನ ಹೆಚ್ಚಿಂದ್ಯಾಕ?"

ಹೆಚ್ಚಿನದು ಬೇಡವೆನ್ನುವ ವ್ಯಾಪಾರಿಯನ್ನು ನಾನು ನಮ್ಮ ಪೇಟೆಯಲ್ಲಂತೂ ಕಂಡಿಲ್ಲ. ಹಳೆಯ ಸರಕು ಸಾಗಹಾಕುತ್ತಿದ್ದಾನೆ ಎಂದುಕೊಂಡೆ. ನಡುವೆ ಕೈಹಾಕಲು ಬಿಡದ ಚೀಲವನ್ನು ಯಾರಾದರೂ ಕೊಳ್ಳುತ್ತಾರೆಯೇ? ನೆಟ್ಟಗೆ ರಾಣೆಬೆನ್ನೂರಿಗೆ ಹೋದೆ. ಅಲ್ಲಿಯವನು "ಎರಡೂ ಆಗ್ತಾವರಿ, ಕಣ್ಣು ಮುಚ್ಚಿ ಒಯ್ರಿ" ಎಂದ. ಕಣ್ಣು ಮುಚ್ಚು ಎಂದದ್ದಕ್ಕೆ ಅವನ ಮೇಲೂ ಅನುಮಾನ ಬಂತು. ಆದರೆ ಭಾನುವಾರ ಹತ್ತಿರವಿತ್ತು, ಕೊಂಡು ತಂದೆ.

ಭಾನುವಾರ ಗಿರಿಜೆ ಮೇಳದ ಗೆಳತಿಯರ ಜೊತೆ ಕೂತು ನೋಡಲು ಅಗಡಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು, "ಎಲ್ಲಾ ಹಚ್ಚಿಟ್ಟೇನಿ. ನೀವು ಸುಮ್ನ ಕುಂದ್ರಿ, ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದಳು. ಕೂತೆ. ಕಾರ್ಯಕ್ರಮ ಶುರುವಾಯಿತು, ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ತಾಳ, ಹಾರ್ಮೋನಿಯಂ, ಸಾಲಾಗಿ ಕೂತ ಹೆಂಗಸರು. ಕೆಂಪು ದೀಪವನ್ನೇ ನೋಡಿದೆ. ಮೇಲೆ ಕೆಂಪಗಿದೆ, ಸರಿ, ಒಳಗೆ? ನಿಜವಾಗಿಯೂ ತುಂಬಿಕೊಳ್ಳುತ್ತಿದೆಯೇ? ಬೇರೆ ಚಾನೆಲ್ ಹಾಕಿದರೂ ರೆಕಾರ್ಡ್ ನಡೆದರೆ ಪೆಟ್ಟಿಗೆ ಖರೆ. ಒಂದು ಹಿಡಿ ಎಳೆದು ನೋಡುವುದರಲ್ಲಿ ತಪ್ಪೇನು? ಗುಂಡಿ ಒತ್ತಿದೆ.

ಮಾಳಿಗೆಯ ಮೇಲೆ ಗುರ್ ಎಂದಿತು. ಗಾಬರಿಯಲ್ಲಿ ಮತ್ತೇನೇನೋ ಒತ್ತಿದೆ. ಡಿಶ್ ಆಕಾಶವನ್ನೆಲ್ಲ ಹುಡುಕಾಡಿ ಹಳೆಯ ಜಾಗಕ್ಕೆ ಮರಳುವಷ್ಟರಲ್ಲಿ ಮೇಳ ಮಂಗಳ ಹಾಡುತ್ತಿತ್ತು.

ಸಂಜೆ ಗಿರಿಜೆ ಬಂದು, ಸೆರಗಿನಲ್ಲಿ ಕೈಯೊರೆಸಿಕೊಂಡು ರೆಕಾರ್ಡರು ಹಚ್ಚಿದಳು. ಪರದೆಯಲ್ಲಿ ಅವಳು ತಂಬೂರಿ ಮೀಟಿದಳು, ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ಅಲ್ಲಿಗೆ ನಿಂತಿತು. ಆಮೇಲೆ ಬರೀ ನೀಲಿ.

ಅವಳು ಎದ್ದು ಟಿವಿ ಆರಿಸಿದಳು. "ರಾಣೆಬೆನ್ನೂರಾಂವ ಮೋಸ ಮಾಡ್ಯಾನ್ರಿ" ಎಂದಳು.

"ಇರಬೇಕು" ಎಂದೆ.

"ನಾಳೆ ಹೋಗಿ ಕೇಳೂಣು. ಮಾತು ನೀವ ಆಡ್ರಿ, ನಾ ಬಾಜೂಕ ನಿಂತು ಕೇಳ್ತೀನಿ."

ಈಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಣೆಬೆನ್ನೂರಿನ ಬಸ್ಸಿನಲ್ಲಿ ಕೂತಿದ್ದೇನೆ. ಪಕ್ಕದಲ್ಲಿ ಗಿರಿಜೆ ಕಿಟಕಿಯಾಚೆ ನೋಡುತ್ತ, ನಾನು ಕೇಳದೇ ಹೋದ ಆ ಪದವನ್ನು ಸಣ್ಣಗೆ ಗುನುಗುತ್ತಿದ್ದಾಳೆ. ಮೋಸಹೋದವರು ಇಷ್ಟು ಸಮಾಧಾನವಾಗಿ ಹಾಡುವುದಿಲ್ಲ. ಇವಳಿಗೆ ಎಲ್ಲ ಗೊತ್ತಿದೆಯೇ ಎಂಬ ಅನುಮಾನ ನನಗೆ. ಜೀವಮಾನದಲ್ಲಿ ಮೊದಲ ಸಲ, ಪರೀಕ್ಷಿಸಿ ನೋಡಲು ಧೈರ್ಯವಾಗುತ್ತಿಲ್ಲ.